ಪಡಸಾಲೆಯ ಮಳೆಗಾಲ

ಇಚಲಕರಂಜಿಯ ನಮ್ಮ ಮನೆಯಲ್ಲಿ ಮಳೆಗಾಲ ಶುರುವಾಗುತ್ತಿದ್ದದ್ದು ಹೋಳಿಹುಣ್ಣಿಮೆ ಮುಗಿದ ಮೇಲೆ. ಊರೆಲ್ಲ ಬಿಸಿಲಿಗೆ ಒಣಗಿ, ನಾಯಿಗಳು ಗಟಾರದ ದಂಡೆಗೆ ನಾಲಿಗೆ ಚಾಚಿ ಮಲಗುವ ಹೊತ್ತಿಗೆ ನಮ್ಮ ಪಡಸಾಲೆಯ ಗೋಡೆ ಬೆವರುತ್ತಿತ್ತು. ಪಡಸಾಲೆ ಅನ್ನುವುದು ಹೆಸರಿಗಷ್ಟೇ. ಬಂದವರು ಕೂಡ್ರುವ ಆ ದೊಡ್ಡ ಕೋಣೆಯನ್ನು ಅಪ್ಪ ನಾನು ಸಣ್ಣವಳಿದ್ದಾಗಲೇ ಕರೆಂಟಿನ ಮಗ್ಗಗಳಿಗೆ ಬಿಟ್ಟುಕೊಟ್ಟಿದ್ದ. ಬಂದವರು ಹೊರಗಿನ ಕಟ್ಟೆಯ ಮೇಲೆ ಕೂತು, ಮಗ್ಗದ ಸಪ್ಪಳದ ಮೇಲೆ ಕಿರುಚಿ ಮಾತಾಡಿ, ಚಹಾ ಕುಡಿದು ಹೋಗುತ್ತಿದ್ದರು. ಒಣ ಗಾಳಿ ಬಡಿದರೆ ಹಾಸುನೂಲು ಪಟಪಟ ಹರಿಯುತ್ತದೆ, ತೇವವಿದ್ದರೆ ಗಟ್ಟಿ ನಿಲ್ಲುತ್ತದೆ. ಅದಕ್ಕೆ ಬೇಸಿಗೆ ತುಂಬ ಕಿಟಕಿಗಳಿಗೆ ಗೋಣಿತಟ್ಟು ಕಟ್ಟಿ, ಅವುಗಳಿಗೆ ನೀರು ಹೊಡೆದು, ನೆಲಕ್ಕೂ ಚಿಮುಕಿಸಿ ಆ ಕೋಣೆಯೊಳಗೆ ಶ್ರಾವಣ ಮಾಸವನ್ನು ಕೂಡಿಹಾಕುತ್ತಿದ್ದರು. ನೀರು ಹೊಡೆಯುವ ಕೆಲಸ ಅವ್ವನದು. ಮನೆಯಲ್ಲಿ ದಮ್ಮು, ಅಂದರೆ ಉಬ್ಬಸ, ಇದ್ದದ್ದೂ ಅವ್ವನೊಬ್ಬಳಿಗೇ. ಈ ಎರಡು ಸಂಗತಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುವ ದೊಡ್ಡವರು ನಮ್ಮ ಮನೆಯಲ್ಲಿ ಒಬ್ಬರೂ ಇರಲಿಲ್ಲ. ಇಷ್ಟು ವಯಸ್ಸಾದ ಮೇಲೂ ಅದನ್ನು ನೆನೆದರೆ ನನಗೆ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ.

ಮನೆಯ ಆಡಳಿತ ಅಪ್ಪನ ತಾಯಿಯ ಕೈಯಲ್ಲಿತ್ತು. ಅಜ್ಜಿ ಕೃಷ್ಣೆಯ ಆಚೆಯ ಒಕ್ಕಲುತನದ ಮನೆಯಿಂದ ಬಂದವಳು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮರಾಠಿ ಊರಿನಲ್ಲಿ ಅರ್ಧ ಜನ್ಮ ಕಳೆದರೂ ಕಾಯಿಪಲ್ಲೆ ಮಾರುವವರ ಜೊತೆ ಕನ್ನಡದಲ್ಲೇ ಜಗಳ. ಅಜ್ಜಿಯ ಪ್ರಕಾರ ಜಗತ್ತಿನಲ್ಲಿ ಇದ್ದದ್ದು ಎರಡೇ ಹವಾಮಾನ: ಒಂದು ಥಂಡಿ, ಇನ್ನೊಂದು ಉಷ್ಣ. ಅವು ಊರಿನಲ್ಲಾಗಲಿ ಗಾಳಿಯಲ್ಲಾಗಲಿ ಇರುವಂಥವಲ್ಲ, ತಿನ್ನುವ ಪದಾರ್ಥದೊಳಗೆ ಇರುವಂಥವು. ಪೇರಲಹಣ್ಣು ಥಂಡಿ, ಬೆಲ್ಲ ಉಷ್ಣ. ಸವತೆಕಾಯಿ ಥಂಡಿ, ಸಜ್ಜೆರೊಟ್ಟಿ ಉಷ್ಣ. ಮೊಸರು ಥಂಡಿ, ಆದರೆ ಒಗ್ಗರಣೆ ಬಿದ್ದರೆ ಅರ್ಧ ಉಷ್ಣ. ಅವ್ವನಿಗೆ ದಮ್ಮು ಏರಿದಾಗಲೆಲ್ಲ ಅಜ್ಜಿ ಗೋಡೆಗೆ ಒರಗಿ ಕೂತು, ಅವ್ವನ ಹಿಂದಿನ ಊಟಗಳನ್ನೆಲ್ಲ ಒಂದೊಂದಾಗಿ ಕರೆದು ವಿಚಾರಣೆ ಮಾಡುತ್ತಿದ್ದಳು. ಯಾವುದಾದರೂ ಒಂದು ಥಂಡಿ ಪದಾರ್ಥ ಸಿಕ್ಕೇ ಸಿಗುತ್ತಿತ್ತು.

"ಪೇರಲಹಣ್ಣ ತಿಂದಿದ್ದೆಲ್ಲಾ ಶಾಂತಾ, ಅದರದ ಇದು."

"ಅದು ಹ್ವಾದ ವಾರ ರೀ ಅತ್ತಿ."

"ಥಂಡಿ ಒಳಗ ಕುಂತು ದಾರಿ ನೋಡತೈತಿ. ಇನ್ನ ಮ್ಯಾಲ ಪೇರಲ ಬ್ಯಾಡ ನಿನಗ."

ಪೇರಲ ಹೋಯಿತು. ಆಮೇಲೆ ಬಾಳೆಹಣ್ಣು ಹೋಯಿತು. ಮೊಸರು ಹೋದಾಗ ಅವ್ವನ ಮುಖ ಸ್ವಲ್ಪ ಸಣ್ಣಗಾಯಿತು, ಯಾಕೆಂದರೆ ರೊಟ್ಟಿಯ ಮೇಲೆ ಗಟ್ಟಿ ಮೊಸರು, ಶೇಂಗಾಹಿಂಡಿ ಹಾಕಿಕೊಂಡು ಉಣ್ಣುವುದು ಅವಳ ಒಂದೇ ಒಂದು ಚೈನಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಮ್ಮ ಮನೆಯಲ್ಲಿ ಪಡಸಾಲೆಗೆ ಬಂದ ಜ್ವರಕ್ಕೆ ಅವ್ವನ ತಾಟಿಗೆ ಬರೆ ಬೀಳುತ್ತಿತ್ತು. ಅಷ್ಟಾದರೂ ದಮ್ಮು ಹೋಗಲಿಲ್ಲ. ಸೋಮವಾರ ಮಾತ್ರ ಅವ್ವ ಹಗುರಾಗಿರುತ್ತಿದ್ದಳು. ನಮ್ಮ ಓಣಿಯ ಮಗ್ಗಗಳಿಗೆ ಅಂದು ರಜೆ, ಗೋಣಿತಟ್ಟು ಎತ್ತಿ ಕಿಟಕಿ ತೆರೆಯುತ್ತಿದ್ದರು. ಇದು ಯಾರ ಕಣ್ಣಿಗಾದರೂ ಬೀಳಬೇಕಿತ್ತಲ್ಲ, ಬೀಳಲಿಲ್ಲ, ಯಾಕೆಂದರೆ ಸೋಮವಾರ ಶಿವನ ವಾರ, ಅವ್ವನ ಉಪವಾಸ. "ಹೊಟ್ಟಿ ಖಾಲಿ ಇಟ್ಟರ ಎದಿ ತಿಳಿ ಆಗತೈತಿ, ನೋಡ್ರಿ" ಅಂತ ಅಜ್ಜಿ ಓಣಿಗೆಲ್ಲ ಹೇಳಿದಳು, ಮತ್ತು ಗುರುವಾರವೂ ಒಂದೊಪ್ಪತ್ತು ಮಾಡು ಅಂತ ಸೊಸೆಗೆ ಅಪ್ಪಣೆ ಕೊಟ್ಟಳು. ಶಿವನೂ ಅಜ್ಜಿಯ ಕಡೆಗೇ ಸಾಕ್ಷಿ ನುಡಿದಂತಾಯಿತು.

ನನ್ನ ತಲೆಯಲ್ಲಿ ಹುಳ ಬಿಟ್ಟವರು ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ ಬಾಯಿಯವರು. ಮರಾಠಿ ಶಾಲೆಯಲ್ಲಿ ಶಿಕ್ಷಕಿಯರನ್ನು ಬಾಯಿ ಅಂತ ಕರೆಯುವುದು ರೂಢಿ. ಇವರು ದಪ್ಪ ಚಷ್ಮಾದ, ಬಿಳಿ ಸೀರೆಯ, ಬೇಗ ನಗದ ಹೆಂಗಸು. ಒಂದು ದಿನದ ಹವೆ ಬೇರೆ, ಒಂದು ಸೀಮೆಯ ಹವಾಮಾನ ಬೇರೆ ಅಂತ ಅವರು ಶುರು ಮಾಡಿದರು. ಇವತ್ತು ಮಳೆ ಬಂತು ಅನ್ನುವುದು ಹವೆ. ವರ್ಷಾನುವರ್ಷ ಯಾವ ತಿಂಗಳಲ್ಲಿ ಎಷ್ಟು ಮಳೆ, ಎಷ್ಟು ಬಿಸಿಲು ಅಂತ ಅಳೆದು, ಸರಾಸರಿ ತೆಗೆದು ಹೇಳುವುದು ಹವಾಮಾನ. ಮನುಷ್ಯ ಒಂದು ದಿನ ಸಿಟ್ಟಾದರೆ ಅದು ಹವೆ, ಹುಟ್ಟಾ ಸಿಡುಕ ಆಗಿದ್ದರೆ ಅದು ಹವಾಮಾನ ಅಂದರು. ನಾವು ಅವರ ಮುಖವನ್ನೇ ನೋಡಿ ಒಳಗೊಳಗೆ ನಕ್ಕೆವು. ಜಗತ್ತನ್ನು ಬಿಸಿ, ಮಳೆ, ಯಾವ ಕಾಲಕ್ಕೆ ಮಳೆ ಅನ್ನುವುದರ ಮೇಲೆ ಹಂಚುತ್ತಾರೆ, ಆದರೆ ಎಲ್ಲಿ ಗೆರೆ ಎಳೆಯಬೇಕು ಅನ್ನುವುದನ್ನು ಗಿಡಗಳನ್ನು ನೋಡಿ ತಿಳಿಯುತ್ತಾರೆ, ಗಿಡ ಸುಳ್ಳು ಹೇಳುವುದಿಲ್ಲ ಅಂದರು. ನಮ್ಮ ಜಿಲ್ಲೆಯ ನಕಾಶೆಯನ್ನು ಹಲಗೆಯ ಮೇಲೆ ಬಿಡಿಸಿ, ಪಡುವಣದ ಘಟ್ಟದ ಕಡೆ ಭತ್ತ, ಅದರ ಈಚೆ ಗಡಹಿಂಗ್ಲಜದ ಸೀಮೆಯಲ್ಲಿ ಕಬ್ಬು, ಶೇಂಗಾ, ಮೆಣಸಿನಕಾಯಿ, ಮೂಡಣದ ನಮ್ಮ ಕಡೆ ಜೋಳ ಅಂತ ಬರೆದರು. ಮೋಡ ಘಟ್ಟ ಹತ್ತುವಾಗ ತನ್ನ ಹೇರು ಅಲ್ಲೇ ಇಳಿಸಿಬಿಡುತ್ತದೆ, ಇಚಲಕರಂಜಿಗೆ ಬರುವುದು ಖಾಲಿ ಗಾಡಿ. ಆದ್ದರಿಂದ ನಮ್ಮದು ಒಣ ಸೀಮೆ ಅಂತ ಮುಗಿಸಿದರು.

ನನಗೆ ಆ ಮಾತು ನುಂಗಲಾಗಲಿಲ್ಲ. ಒಣ ಸೀಮೆಯ ನಮ್ಮ ಮನೆಯಲ್ಲಿ ಅಪ್ಪನ ಚರ್ಮದ ಚಪ್ಪಲಿಗೆ ಹಸಿರು ಬೂಸ್ಟು ಬರುತ್ತಿತ್ತು. ಗಿಡ ಸುಳ್ಳು ಹೇಳದಿದ್ದರೆ ಬೂಸ್ಟು ಯಾಕೆ ಹೇಳೀತು? ಮನೆಗೆ ಬಂದವಳೇ ಪಾಟಿಯ ಮೇಲೆ ನಮ್ಮ ಮನೆಯ ನಕಾಶೆ ಬರೆದೆ. ಪಡಸಾಲೆಗೆ ಬಿಸಿ ಮತ್ತು ಸದಾ ತೇವ ಅಂತ ಬರೆದೆ. ಅಟ್ಟ ಮರುಭೂಮಿ. ಅಡಿಗೆಮನೆ ಹೊಗೆಯ ಸೀಮೆ, ಅದು ಬಾಯಿಯವರ ಪಾಠದಲ್ಲಿ ಇರಲಿಲ್ಲ. ನಡುಮನೆಗೆ ಏನು ಬರೆಯಬೇಕು ಅಂತ ತಿಳಿಯಲಿಲ್ಲ. ಮಗ್ಗ ಎರಡೇ ಇದ್ದಾಗ ನಡುಮನೆಯ ಡಬ್ಬಿಯಲ್ಲಿ ಹಪ್ಪಳ ವರ್ಷವಿಡೀ ಗರಿಗರಿ ಇರುತ್ತಿತ್ತು. ಅಪ್ಪ ಇನ್ನೆರಡು ಮಗ್ಗ ಹಾಕಿದ ಮೇಲೆ ಪಡಸಾಲೆಯ ತೇವ ಹೊಸ್ತಿಲು ದಾಟಿ ನಡುಮನೆಗೆ ಬಂದಿತ್ತು. ಹಪ್ಪಳ ಚಕ್ಕಳದಂತೆ ಬಾಗುತ್ತಿತ್ತು, ದೇವರ ಜಗಲಿಯ ಮೇಲಿನ ವಿಭೂತಿಗಟ್ಟಿ ಮುಟ್ಟಿದರೆ ಕೈಗೆ ಮೆತ್ತುತ್ತಿತ್ತು, ಕಡ್ಡಿಪೆಟ್ಟಿಗೆ ಗೀರಿದರೆ ಹೊತ್ತುತ್ತಿರಲಿಲ್ಲ. ಅವ್ವ ರಾತ್ರಿ ಮಲಗುತ್ತಿದ್ದದ್ದು ಆ ನಡುಮನೆಯಲ್ಲಿ. ಅವಳ ದಮ್ಮು ಹೆಚ್ಚಾದದ್ದೂ ಇನ್ನೆರಡು ಮಗ್ಗ ಬಂದ ವರ್ಷವೇ.

ಮರುದಿನ ಬಾಯಿಯವರನ್ನು ನಿಲ್ಲಿಸಿ ಕೇಳಿದೆ. ಒಂದು ಸೀಮೆಯ ಹವಾಮಾನ ಒಮ್ಮೆ ಒಂಥರ ಇದ್ದದ್ದು ಆಮೇಲೆ ಇನ್ನೊಂಥರ ಆಗುತ್ತದೋ? ಆಗುತ್ತದೆ ಅಂದರು. ಭೂಮಿ ವಾಲುವ ರೀತಿ ನಿಧಾನ ಬದಲಾದರೆ ಸೂರ್ಯನ ಕಾವು ಬೀಳುವುದು ಬದಲಾಗುತ್ತದೆ, ಗುಡ್ಡ ಏಳುತ್ತವೆ, ಸಮುದ್ರ ಸರಿಯುತ್ತದೆ, ಜ್ವಾಲಾಮುಖಿಯ ಬೂದಿ ಆಕಾಶ ಮುಚ್ಚುತ್ತದೆ, ಮನುಷ್ಯರು ಕಾಡು ಕಡಿದರೂ ಸುತ್ತಿನ ಹವೆ ಕೆಡುತ್ತದೆ. ಆದರೆ ಬಹಳ ಸಾವಿರ ವರ್ಷ ಹಿಡಿಯುತ್ತದೆ ಅಂದರು. ನಮ್ಮ ಮನೆಯಲ್ಲಿ ಒಂದೇ ವರ್ಷ ಹಿಡಿಯಿತು ಅಂತ ನಾನು ಎಲ್ಲ ಹೇಳಿದೆ. ಅವರು ನಗಲಿಲ್ಲ. ಚಷ್ಮಾ ತೆಗೆದು ಸೀರೆಯ ಸೆರಗಿನಿಂದ ಒರೆಸಿದರು.

"ಕಾರಣಾಶಿವಾಯ ಕಾಹೀ ಬದಲತ ನಾಹೀ, ಪೋರೀ."

ಕಾರಣವಿಲ್ಲದೆ ಯಾವುದೂ ಬದಲಾಗುವುದಿಲ್ಲ ಹುಡುಗಿ ಅಂತ. ಹಾಗಾದರೆ ಮನೆಗೆ ಬಂದು ಅಪ್ಪನಿಗೆ ನೀವೇ ಹೇಳಿರಿ ಅಂತ ಗೋಗರೆದೆ. ಅವರು ಚಷ್ಮಾ ಹಾಕಿಕೊಂಡು, ಮಗ್ಗದ ಮನೆಯವರಿಗೆ ಮಗ್ಗ ನಿಲ್ಲಿಸಿ ಅಂತ ಹೇಳಲು ನಾನು ಯಾರು ಅಂದರು. ಅವರ ಗಂಡನೂ ಮಗ್ಗದ ಕಾರಕೂನ ಅಂತ ನನಗೆ ಆಮೇಲೆ ತಿಳಿಯಿತು. ಗುಡ್ಡ ಎದ್ದದ್ದು, ಸಮುದ್ರ ಸರಿದದ್ದು ಎಲ್ಲ ಹೇಳಬಲ್ಲವರಿಗೆ ನಮ್ಮ ಓಣಿಗೆ ಬಂದು ಒಂದು ಮಾತು ಹೇಳಲಾಗಲಿಲ್ಲ.

ಆ ಬೇಸಿಗೆ ಅವ್ವ ಬಹಳ ಬಳಲಿದಳು. ಮೆಟ್ಟಿಲು ಹತ್ತಿದರೆ ಕೂತು ಸುಧಾರಿಸಿಕೊಳ್ಳಬೇಕು, ಮಾತಾಡಿದರೆ ಮಾತಿನ ನಡುವೆ ಸಿಳ್ಳೆಯಂಥ ಸಪ್ಪಳ. ಕೊನೆಗೆ ಅಪ್ಪ ಅವಳನ್ನು ಕೊಲ್ಹಾಪುರದ ಡಾಕ್ಟರಿಗೆ ತೋರಿಸಲು ಒಪ್ಪಿದ. ಅಪ್ಪ ಕೆಟ್ಟವನಲ್ಲ, ಇದನ್ನು ಇಲ್ಲೇ ಹೇಳಬೇಕು. ಕುಡಿತವಿಲ್ಲ, ಬೈಗಳವಿಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಅವನಿಗೆ ಮಗ್ಗ ಬಿಟ್ಟು ಬೇರೆ ಏನೂ ಕಾಣುತ್ತಿರಲಿಲ್ಲ, ಅಷ್ಟೇ. ಹಾತಕಣಂಗಲೆಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ರೈಲು ಹಿಡಿದು ಹೋದೆವು. ಅವ್ವನಿಗೆ ಮರಾಠಿ ಸಲೀಸಾಗಿ ಬಾರದು ಅಂತ ನನ್ನನ್ನೂ ಕರೆದುಕೊಂಡಿದ್ದರು. ಡಾಕ್ಟರು ಅವ್ವನ ಬೆನ್ನಿಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಅಪ್ಪನ ಕಡೆ ತಿರುಗಿ, ಮನೆಯಲ್ಲಿ ಹಸಿ ಇದೆಯೇನು ಅಂತ ಮರಾಠಿಯಲ್ಲಿ ಕೇಳಿದರು. ಅಷ್ಟು ವರ್ಷಗಳಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಕೇಳಿದ ಮನುಷ್ಯ ಅವರೊಬ್ಬರೇ.

"ನಾಹೀ ಡಾಕ್ಟರಸಾಹೇಬ. ಆಮಚಂ ಇಚಲಕರಂಜೀ. ಕೋರಡಂ ಗಾವ."

ಇಲ್ಲ ಸಾಹೇಬರೇ, ನಮ್ಮದು ಇಚಲಕರಂಜಿ, ಒಣ ಊರು. ಅಪ್ಪ ಸುಳ್ಳು ಹೇಳಿದನೆಂದು ನಾನು ಇವತ್ತಿಗೂ ಅನ್ನುವುದಿಲ್ಲ. ಬಾಯಿಯವರ ನಕಾಶೆಯಲ್ಲೂ ಅದೇ ಇತ್ತು. ನಾನು "ಅಪ್ಪಾ, ಪಡಸಾಲಿ..." ಅಂತ ಬಾಯಿ ತೆಗೆದೆ. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಅಂತ ಅಪ್ಪ ನನ್ನ ಮುಂಗೈ ಒತ್ತಿ ಹಿಡಿದ. ಡಾಕ್ಟರು ಗುಳಿಗೆ ಬರೆದು, ಹವಾಪಾಲಟ ಮಾಡಿಸಿರಿ, ಅಂದರೆ ಸ್ವಲ್ಪ ದಿನ ಬೇರೆ ಊರಿನ ಗಾಳಿಯಲ್ಲಿ ಇಡಿರಿ ಅಂದರು. ರೈಲಿನಲ್ಲಿ ವಾಪಸು ಬರುವಾಗ ನಾನು ಅಪ್ಪನ ಪಕ್ಕ ಬಿಟ್ಟು ಅವ್ವನ ಆಚೆ ಹೋಗಿ ಕೂತೆ. ಅದು ಅವನ ಲಕ್ಷ್ಯಕ್ಕೂ ಬರಲಿಲ್ಲ.

ಬೇರೆ ಊರು ಅಂದರೆ ಅವ್ವನ ತವರು ಗಡಹಿಂಗ್ಲಜ. ಅಲ್ಲಿ ನಮ್ಮ ಮಾಮಾನದು ಮೆಣಸಿನಕಾಯಿಯ ವ್ಯಾಪಾರ. ಮನೆಯ ಅಟ್ಟ, ನಡುಮನೆ, ಮಲಗುವ ಕೋಣೆ, ಎಲ್ಲಿ ನೋಡಿದರೂ ಮೆಣಸಿನಕಾಯಿಯ ಚೀಲ. ಹೊಸ್ತಿಲು ದಾಟಿದರೆ ಸೀನು, ಕಣ್ಣಲ್ಲಿ ನೀರು. ಇಚಲಕರಂಜಿಯಿಂದ ಹೋದ ಮೊದಲ ಎರಡು ದಿನ ನಾನು ಸೀನಿ ಸೀನಿ ಮೂಗು ಕೆಂಪು ಮಾಡಿಕೊಂಡೆ. ಆದರೆ ಅವ್ವ! ಅವ್ವ ವಾರದೊಳಗೆ ಅಟ್ಟ ಹತ್ತಿ ಇಳಿದಳು, ಬಾವಿಯಿಂದ ಕೊಡ ಹೊತ್ತಳು, ಅತ್ತಿಗೆಯ ಜೊತೆ ಜೋರಾಗಿ ನಕ್ಕಳು. ತವರಿನ ಗುಟ್ಟಿನಲ್ಲಿ ಮೊಸರನ್ನೂ ಉಂಡಳು. ರಾತ್ರಿ ಅವಳ ಎದೆಯ ಸಿಳ್ಳೆ ಕೇಳದೆ ನನಗೇ ಮೊದಮೊದಲು ನಿದ್ದೆ ಬರಲಿಲ್ಲ.

"ತವರಿನ ಮೆಣಸಿನಕಾಯಿನೂ ಸೀ ಇರತೈತಿ ನೋಡ ಸುಶೀ" ಅಂತ ಮಾಮಾ ನನ್ನ ಕಡೆ ತಿರುಗಿ ಚೇಷ್ಟೆ ಮಾಡಿದ. "ಅತ್ತಿ ಕಣ್ಣ ಮುಂದ ಇಲ್ಲಂದ್ರ ಯಾರಿಗಿ ದಮ್ಮ ಬರತೈತಿ?"

ಎಲ್ಲರೂ ನಕ್ಕರು, ಅವ್ವನೂ ನಕ್ಕಳು. ನನಗೆ ನಗು ಬರಲಿಲ್ಲ. ಮಾಮಾ ದಿನವೂ ಬೆಳಿಗ್ಗೆ ಎದ್ದ ಕೂಡಲೇ ಮಾಡುತ್ತಿದ್ದ ಕೆಲಸವನ್ನು ನಾನು ನೋಡುತ್ತಿದ್ದೆ. ಮನೆಯ ಎಲ್ಲ ಕಿಟಕಿ, ಅಟ್ಟದ ಗವಾಕ್ಷಿ, ಹಿತ್ತಲ ಬಾಗಿಲು ತೆರೆದಿಟ್ಟು ಚೀಲಗಳ ಬಾಯಿ ಬಿಚ್ಚುತ್ತಿದ್ದ. ಒಂದು ಹನಿ ಹಸಿ ತಾಗಿದರೆ ಮೆಣಸಿನಕಾಯಿ ಕಪ್ಪಾಗಿ ಕೊಳೆಯುತ್ತದೆ. ಅಪ್ಪನ ಧಂದೆಗೆ ಹಸಿ ಗಾಳಿ ಬೇಕು, ಮಾಮಾನ ಧಂದೆಗೆ ಒಣ ಗಾಳಿ ಬೇಕು. ಅವ್ವನ ಉಸಿರು ಇಚಲಕರಂಜಿ ಗಡಹಿಂಗ್ಲಜದ ಮೇಲೆ ನಿಂತಿರಲಿಲ್ಲ, ಯಾವ ಮನೆಯವರು ಏನು ವ್ಯಾಪಾರ ಮಾಡುತ್ತಾರೆ ಅನ್ನುವುದರ ಮೇಲೆ ನಿಂತಿತ್ತು. ಇದು ಹೊಳೆದ ದಿನ ನನಗೆ ಕುಣಿಯುವಷ್ಟು ಹುರುಪು ಬಂದಿತ್ತು. ಹೇಳಿದರೆ ಮುಗಿಯಿತು, ಎಲ್ಲರೂ ಒಪ್ಪಿಬಿಡುತ್ತಾರೆ ಅಂತ ತಿಳಿದಿದ್ದೆ. ಊರ ಹೊರಗಿನ ಬೋಳು ಮಾಳಕ್ಕೆ ಮಾಮಾ ಕರೆದೊಯ್ದಾಗ ಅಲ್ಲಿಂದ ಒಂದು ತೂತುತೂತಾದ ಕೆಂಪು ಕಲ್ಲನ್ನೂ ಹೆಕ್ಕಿ ತಂದೆ. ಈ ಜಂಬಿಟ್ಟಿಗೆ ಕಲ್ಲು ಬಿಸಿಲು ಮಳೆ ಎರಡೂ ಜೋರಾಗಿರುವ ಕಡೆ, ನೀರು ಯುಗಗಟ್ಟಲೆ ಇಂಗಿ ಇಂಗಿ ಆಗುವಂಥದು. ಈಗ ಅಷ್ಟು ಮಳೆಯಿಲ್ಲದ ಮಾಳದ ಮೇಲೆ ಸಿಕ್ಕಿತೆಂದರೆ ಒಂದಾನೊಂದು ಕಾಲಕ್ಕೆ ಅಲ್ಲಿ ಬೇರೆಯೇ ಹವಾಮಾನ ಇತ್ತು ಅಂತ ಅರ್ಥ. ಹಾಗಂತ ಬಾಯಿಯವರು ಹೇಳಿದ್ದರು.

ಇಚಲಕರಂಜಿಗೆ ವಾಪಸು ಬಂದ ಮೇಲೆ ಅಜ್ಜಿಯ ಮುಂದೆ ಆ ಕಲ್ಲನ್ನಿಟ್ಟು ನಾನು ಎಲ್ಲ ಬಿಡಿಸಿ ಹೇಳಿದೆ. ಸೀಮೆಗಳೇ ಬದಲಾಗುತ್ತವೆ, ಕಾರಣ ಇದ್ದರೆ ಮನೆ ಬದಲಾಗದೆ ಇರುತ್ತದೆಯೇ, ಆ ಕಾರಣ ನಮ್ಮ ಕಿಟಕಿಗೇ ನೇತುಬಿದ್ದಿದೆ ಅಂದೆ. ಅಜ್ಜಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಕೇಳಿದಳು. ಕೇಳುತ್ತಿದ್ದಾಳೆ ಅಂತ ನಾನು ಹಿಗ್ಗಿದೆ.

"ಎಲ್ಲಾ ಖರೆ. ಗಡಹಿಂಗ್ಲಜದಾಗ ಮಳಿ ಹೆಚ್ಚೋ, ನಮ್ಮಲ್ಲಿ ಹೆಚ್ಚೋ?"

"ಗಡಹಿಂಗ್ಲಜದಾಗ."

"ನಿಮ್ಮ ಸಾಲ್ಯಾಗ ಹಂಗ ಕಲಿಸ್ಯಾರಲ್ಲಾ?"

"ಹೌದು."

"ಮತ್ತ ಹಸಿಗೆ ದಮ್ಮ ಬರೂದಿದ್ರ ಅಲ್ಲಿ ಬರಬೇಕಿತ್ತು. ಅಲ್ಲಿ ಬರಲಿಲ್ಲ. ಹಸಿಗಲ್ಲ, ಥಂಡಿಗೆ ಬರತೈತಿ. ನಿಮ್ಮ ಬಾಯೀನ ಕೇಳ ಹೋಗ."

ಹೀಗೆ ಶಾಲೆಯ ನಕಾಶೆಯನ್ನೇ ತೆಗೆದು ಅಜ್ಜಿ ನನ್ನ ತಲೆಯ ಮೇಲೆ ಕುಟ್ಟಿದಳು. ಅವಳ ಬುದ್ಧಿ ಕಡಿಮೆಯದಲ್ಲ, ಕೋರ್ಟಿನಲ್ಲಿದ್ದಿದ್ದರೆ ವಕೀಲಿ ನಡೆಸುತ್ತಿದ್ದಳು. ನಕಾಶೆ ಹೇಳುವುದು ಬಯಲಿನ ಮಾತು, ನಾನು ಹೇಳುತ್ತಿರುವುದು ಒಳಗಿನ ಮಾತು ಅಂತ ಕಿರುಚಿದೆ. ಕಿರುಚುವ ಹುಡುಗಿಯ ಮಾತಿಗೆ ಯಾವ ಮನೆಯಲ್ಲಿ ಬೆಲೆ? ಆಗ ನನಗೆ ಇನ್ನೊಂದು ಉಪಾಯ ಹೊಳೆಯಿತು. ಅಜ್ಜಿಗೆ ಕಣ್ಣಿಗೆ ಕಾಣುವಂತೆ ತೋರಿಸಬೇಕು ಅಂತ ಬಟ್ಟಲುಗಳಲ್ಲಿ ಹರಳುಪ್ಪು ಹಾಕಿ ಅಟ್ಟ, ಅಡಿಗೆಮನೆ, ನಡುಮನೆ, ಪಡಸಾಲೆ ಎಲ್ಲ ಕಡೆ ಇಟ್ಟೆ. ಬೆಳಗಾಗುವಷ್ಟರಲ್ಲಿ ಪಡಸಾಲೆಯ ಉಪ್ಪು ನೀರಾಗಿತ್ತು, ಅಟ್ಟದ್ದು ಇಟ್ಟಂತೆಯೇ ಇತ್ತು. ಅಜ್ಜಿಯನ್ನು ಕೈ ಹಿಡಿದು ಕರೆದುಕೊಂಡು ಬಂದೆ. ಅವಳು ಬಟ್ಟಲನ್ನು ನೋಡಿದ್ದೇ ತಡ, ಗಲ್ಲ ಗಲ್ಲ ಬಡಿದುಕೊಂಡಳು. ಉಪ್ಪು ಲಕ್ಷ್ಮಿ. ಓಡಾಡುವ ದಾರಿಯಲ್ಲಿ ನೆಲದ ಮೇಲೆ ಇಟ್ಟು ಲಕ್ಷ್ಮಿಯನ್ನು ಕರಗಿಸಿದ್ದೇನೆ, ಮನೆಗೆ ಕೇಡು ತಂದಿದ್ದೇನೆ. ಆ ವಾರವಿಡೀ ನನ್ನ ಕೈಯಿಂದ ದೇವರಿಗೆ ದೀಪ ಹಚ್ಚಿಸಿದರು. ಉಪ್ಪು ಯಾಕೆ ಕರಗಿತು ಅಂತ ಯಾರೂ ಕೇಳಲಿಲ್ಲ.

ಅಪ್ಪನನ್ನೂ ಕೇಳಿ ನೋಡಿದೆ. ಅವನು ಊಟಕ್ಕೆ ಕೂತಾಗ ಮೆಲ್ಲಗೆ ತೆಗೆದೆ. "ಒಂದೊಂದ ದಿನ ಹಂಗ ಆಗತೈತಿ ಬಿಡು, ಸುಶೀ. ನಿನ್ನೆ ಛಲೋ ಇದ್ದಳಲ್ಲಾ ನಿಮ್ಮವ್ವ" ಅಂದ. ಅವನ ಪಾಲಿಗೆ ಅವ್ವನ ದಮ್ಮು ಯಾವಾಗಲೂ ಒಂದು ದಿನದ ಹವೆ. ಎಷ್ಟು ಸಲ ಬಂದರೆ ಅದನ್ನು ಹವಾಮಾನ ಅನ್ನಬೇಕು ಅಂತ ನಮ್ಮ ಮನೆಯಲ್ಲಿ ಯಾರೂ ಗೊತ್ತು ಮಾಡಿರಲಿಲ್ಲ.

ಮರುವರ್ಷದ ಬೇಸಿಗೆಯ ಒಂದು ಮಧ್ಯಾಹ್ನ. ನಾಲ್ಕೂ ಮಗ್ಗ ಓಡುತ್ತಿದ್ದವು. ನೀರಿನ ಬಕೀಟು ಹಿಡಿದು ಒಳಗೆ ಹೋದ ಅವ್ವ ಹೊರಗೆ ಬರಲಿಲ್ಲ. ಅವಳ ಉಸಿರಿನ ಸಪ್ಪಳದ ಮೇಲೆ ಕಿವಿಯಿಟ್ಟೇ ಬೆಳೆದವಳು ನಾನು, ಆದರೆ ಮಗ್ಗ ಓಡುವಾಗ ಆ ಕೋಣೆಯಲ್ಲಿ ಯಾರ ಉಸಿರೂ ಯಾರಿಗೂ ಕೇಳುವಂತಿರಲಿಲ್ಲ. ಹೋಗಿ ನೋಡಿದರೆ ಅವ್ವ ಕಿಟಕಿಯ ಸರಳು ಹಿಡಿದು, ಒದ್ದೆ ಗೋಣಿತಟ್ಟಿಗೆ ಮುಖ ಆನಿಸಿ ನಿಂತಿದ್ದಳು. ತುಟಿ ನೀಲಿಯಾಗಿತ್ತು. ಅವಳಿಂದ ಐದು ಮಾರು ದೂರದಲ್ಲಿ ಅಪ್ಪ ಲಾಳಿಗೆ ಹೊಸ ನೂಲಿನ ಕಂಡಿಕೆ ಹಾಕುತ್ತಿದ್ದ, ಬೆನ್ನು ಈ ಕಡೆಗಿತ್ತು. ನಾನು ಯಾರನ್ನೂ ಕರೆಯಲಿಲ್ಲ. ಕಿಟಕಿಯ ಕಟ್ಟೆ ಹತ್ತಿ ಗೋಣಿತಟ್ಟನ್ನು ಕಿತ್ತು ಒಗೆದೆ. ಎರಡನೆಯದನ್ನೂ ಕಿತ್ತೆ, ಬೀದಿ ಬಾಗಿಲು ಹಾರುಹೊಡೆದೆ. ಬಿರುಬಿಸಿಲಿನ ಗಾಳಿ ಒಳಗೆ ನುಗ್ಗಿತು. ಸ್ವಲ್ಪ ಹೊತ್ತಿನಲ್ಲೇ ಮೊದಲ ಮಗ್ಗದ ಹಾಸು ಹರಿಯಿತು, ಆಮೇಲೆ ಎರಡನೆಯದು. ಅಪ್ಪ ಹೌಹಾರಿ ಕೂಗುತ್ತ ಓಡಿಬಂದು ಒಂದೊಂದಾಗಿ ಎಲ್ಲ ಮಗ್ಗ ನಿಲ್ಲಿಸಿದ. ಮಗ್ಗ ನಿಂತವು. ಆಗ ಅವ್ವನ ಉಸಿರು ಎಲ್ಲರಿಗೂ ಕೇಳಿಸಿತು. ಗರಗಸದಿಂದ ಕಟ್ಟಿಗೆ ಕೊಯ್ಯುವ ಸಪ್ಪಳ. ಕೈಯೆತ್ತಿದ್ದ ಅಪ್ಪ ನನ್ನನ್ನು ಹೊಡೆಯಲಿಲ್ಲ. ಅವ್ವನನ್ನು ಹಿಡಿದು ಕಟ್ಟೆಯ ಮೇಲೆ ತಂದು ಕೂಡ್ರಿಸಿದ. ಬಯಲ ಗಾಳಿಯಲ್ಲಿ ನಿಧಾನಕ್ಕೆ ಉಸಿರು ಇಳಿಯಿತು. ಈಗಲಾದರೂ ತಿಳಿಯಿತು, ಈಗಲಾದರೂ ಯಾರಾದರೂ ಹೇಳುತ್ತಾರೆ ಅಂತ ನಾನು ಒಬ್ಬೊಬ್ಬರ ಮುಖ ನೋಡಿದೆ. ಅಜ್ಜಿ ಅವ್ವನ ಬೆನ್ನು ನೀವುತ್ತ ಹೇಳಿದಳು:

"ನಿನ್ನೆ ಒಂದ ವಾಟಗಾ ಮಜ್ಜಿಗಿ ಕುಡದಿದ್ದಳು. ನಾ ನೋಡಿದ್ನಿ. ಇನ್ನ 'ಮಜ್ಜಿಗಿ' ಅನ್ನೂ ಶಬ್ದಾನ ಬ್ಯಾಡ."

ಅಪ್ಪ ಅಂದು ಸಂಜೆಯ ತನಕ ಹರಿದ ಎಳೆಗಳನ್ನು ಒಂದೊಂದಾಗಿ ಗಂಟು ಹಾಕುತ್ತ ಕೂತ. ಮರುದಿನ ಬೆಳಿಗ್ಗೆ ಅವ್ವ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಬಕೀಟು ತೆಗೆದುಕೊಂಡು ಹೋಗಿ ಗೋಣಿತಟ್ಟಿಗೆ ನೀರು ಹೊಡೆದಳು. ನಾನೇ ಹೊಡೆಯುತ್ತೇನೆ ಬಿಡು ಅಂತ ಬಕೀಟು ಕಸಿದುಕೊಂಡರೆ, ಸಾಲಿಗೆ ತಡ ಆಗತೈತಿ ಹೋಗು ಅಂತ ಕಳಿಸಿದಳು.

ಆ ಮಳೆಗಾಲ ಕಳೆಯುವ ಹೊತ್ತಿಗೆ ಮಗ್ಗಗಳು ನಮ್ಮ ಮನೆ ಬಿಟ್ಟವು. ಅವ್ವನ ಸಲುವಾಗಿ ಅಂತ ಯಾರೂ ತಿಳಿಯಬೇಡಿ. ಅಪ್ಪನಿಗೆ ಇನ್ನೂ ಹೆಚ್ಚು ಮಗ್ಗ ಹಾಕಬೇಕಿತ್ತು, ಪಡಸಾಲೆ ಸಾಲದಾಯಿತು, ಊರ ಪಕ್ಕದ ಕಬನೂರಿನಲ್ಲಿ ದೊಡ್ಡ ಶೆಡ್ಡು ಬಾಡಿಗೆಗೆ ಸಿಕ್ಕಿತು. ಬಂಡಿಯ ಮೇಲೆ ಮಗ್ಗ ಹೇರಿ ಕಳಿಸಿ ಕಿಟಕಿಗಳನ್ನೆಲ್ಲ ತೆರೆದಿಟ್ಟರು. ಗೋಡೆಯ ಸುಣ್ಣ ಒಣಗಿ ಚಕ್ಕೆಚಕ್ಕೆಯಾಗಿ ಉದುರಿತು. ಹಪ್ಪಳ ಮತ್ತೆ ಗರಿಗರಿಯಾಯಿತು. ಅವ್ವನ ದಮ್ಮು ಕಡಿಮೆಯಾಗುತ್ತ ಬಂತು, ದೀಪಾವಳಿಯ ಹೊತ್ತಿಗೆ ಎದೆಯ ಸಿಳ್ಳೆ ಪೂರ್ತಿ ನಿಂತುಹೋಯಿತು. ಕಾಗೆ ಕೂಡ್ರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತಾರಲ್ಲ, ಹಾಗೆ ಅಜ್ಜಿಗೆ ಅದೃಷ್ಟ ಒದಗಿ ಬಂತು. ಮನೆಗೆ ಬಂದ ಹೆಂಗಸರಿಗೆಲ್ಲ ಎಲೆಅಡಿಕೆ ಕೊಟ್ಟು ಅವಳು ಹೇಳಿದ್ದು ಒಂದೇ ಮಾತು:

"ಮಜ್ಜಿಗಿ ಬಿಡಿಸಿದ್ನಿ ನೋಡ್ರಿ, ದಮ್ಮ ಹೋತು!"

"ಅವ್ವ ಹೇಳಿದ್ದ ಖರೆ ಆತು" ಅಂತ ಅಪ್ಪನೂ ತನ್ನ ತಾಯಿಯ ಮಾತಿಗೆ ತಲೆಯಾಡಿಸಿದ. ನಾನು ಬಂದವರೆದುರಿಗೇ "ಸುಳ್ಳ, ಮಗ್ಗ ಹೋಗಿದ್ದಕ್ಕ ಹೋತು" ಅಂತ ಒದರಿ ಬೈಸಿಕೊಂಡೆ. ಅವ್ವ ಎದ್ದು ಬರಿದಾದ ಪಡಸಾಲೆಗೆ ಹೋದಳು. ಅಲ್ಲಿ ಮೂಲೆಗಳಲ್ಲಿ ಇನ್ನೂ ಅಂಟಿದ್ದ ಹತ್ತಿಯ ತುಪ್ಪಟವನ್ನು ಮೂಗಿಗೆ ಸೆರಗು ಕಟ್ಟಿಕೊಂಡು ಗುಡಿಸತೊಡಗಿದಳು. ನಾನು ಹಿಂದೆಯೇ ಹೋದೆ. ಅಳು ಬರುತ್ತಿತ್ತು.

"ನಿನಗೂ ಮಜ್ಜಿಗಿ ಬಿಟ್ಟಿದ್ದಕ್ಕ ಆರಾಮ ಆತು ಅನಸತೈತೇನ ಅವ್ವಾ? ಗೋಣಿತಟ್ಟಿನಿಂದ ಆಗತಿತ್ತು ಅನ್ನೂದು ನಿನಗ ಗೊತ್ತ ಇಲ್ಲೇನ?"

"ಗೊತ್ತಿಲ್ದ ಏನ? ದಿನಾ ನೀರ ಹೊಡ್ಯಾಕಿ ನಾನ. ಎದಿ ಯಾವಾಗ ಬಿಗಿತೈತಿ ಅನ್ನೂದು ನನಗಿಂತ ಯಾರಿಗಿ ಗೊತ್ತಿರತೈತಿ?"

ಕಲ್ಲು ತಂದದ್ದು, ಉಪ್ಪು ಇಟ್ಟದ್ದು, ಜಗಳಾಡಿದ್ದು, ಅವಳು ಎಲ್ಲವನ್ನೂ ಬಾಗಿಲ ಸಂದಿಯಿಂದ ನೋಡಿದ್ದಳು. ಒಂದು ಸಲವಾದರೂ ಹೌದು ಅನ್ನಬಹುದಿತ್ತು.

"ಮತ್ತ ಯಾಕ ಹೇಳಲಿಲ್ಲ? ಪೇರಲ, ಮೊಸರ, ಎಲ್ಲಾ ಯಾಕ ಬಿಟಗೊಂತ ಹ್ವಾದಿ?"

ಅವ್ವ ಕಸಬರಿಗೆ ಕೆಳಗಿಟ್ಟು ಮೂಗಿನ ಸೆರಗು ಬಿಚ್ಚಿದಳು.

"ಅವೆಲ್ಲಾ ನನ್ನವು, ಬಿಡಾಕ ಬಂತು. ಮಗ್ಗ ನಿಂದರಸ್ರಿ ಅಂತ ನಿಮ್ಮಪ್ಪಗ ಕೇಳಿದ್ನಿ ಅಂತ ತಿಳಕೋ. ಆಗೂದಿಲ್ಲ ಅಂದಿದ್ರ? ಬಾಯಿ ಬಿಟ್ಟು ಹಂಗ ಅಂದಿದ್ದ ಕೇಳಿ ಈ ಮನ್ಯಾಗ ನಾ ಹ್ಯಾಂಗ ಬಾಳೇ ಮಾಡಲಿ? ಕೇಳಲಿಲ್ಲ, ಅವರೂ ಅನ್ನಲಿಲ್ಲ. ಮುಗೀತು."

ನಾನು ಅಡಿಗೆಮನೆಗೆ ಓಡಿದೆ. ಅಂದು ಬೆಳಿಗ್ಗೆ ಅವ್ವನೇ ಕಡೆದಿಟ್ಟ ಮಜ್ಜಿಗೆಯನ್ನು ವಾಟಗಾ ತುಂಬ ಬಗ್ಗಿಸಿ ತಂದು ಅವಳ ಮುಖದ ಹತ್ತಿರ ಹಿಡಿದೆ. ಹಿಡಿದ ರಭಸಕ್ಕೆ ಅರ್ಧ ನೆಲಕ್ಕೆ ಚೆಲ್ಲಿತು. ಕುಡಿ, ಈಗ ಕುಡಿ, ಎಲ್ಲರ ಮುಂದೆ ಬಂದು ಕುಡಿ ಅಂದೆ. ಅವ್ವ ವಾಟಗಾ ಇಸಿದುಕೊಂಡು ನೋಡಿದಳು. ನಡುಮನೆಯಲ್ಲಿ ಅಜ್ಜಿ ಯಾರಿಗೋ ಅದೇ ಕತೆಯನ್ನು ಮೊದಲಿನಿಂದ ಹೇಳುತ್ತಿದ್ದಳು. ಅವ್ವ ಮಜ್ಜಿಗೆಯನ್ನು ನನ್ನ ಕೈಗೇ ವಾಪಸು ಕೊಟ್ಟಳು.

"ಮುದುಕಿ ಭಾಳ ಖುಷಿ ಆಗ್ಯಾಳ. ಆಕಿ ಇರೂತನಾ ಇದೊಂದ ಇರಲಿ ಬಿಡು."

ಅಜ್ಜಿ ಗಟ್ಟಿ ಜೀವ. ನನ್ನ ಮದುವೆಯಾಗಿ, ನನ್ನ ಮಕ್ಕಳು ಶಾಲೆಗೆ ಹೋಗುವ ತನಕ ಬದುಕಿದ್ದಳು. ಅಷ್ಟೂ ವರ್ಷ ಅವ್ವ ಮನೆಮಂದಿಗೆಲ್ಲ ಮಜ್ಜಿಗೆ ಬಡಿಸಿ, ತಾನು ನೀರು ಕುಡಿದು ಊಟ ಮುಗಿಸುತ್ತಿದ್ದಳು.